ಅಘನಾಶಿನಿ ಹೊಳೆಯಲ್ಲಿ ಮೂರು ವರ್ಷ: ಸಣ್ಣ ದೋಣಿಗೆ ಕೂರಿಸಿದ ಬ್ಯಾಟರಿ ಮೋಟಾರ್

ನಮ್ಮದು 14 ಅಡಿಯ ಫೈಬರ್ ದೋಣಿ. ಎರಡೂ ತುದಿ ಚೂಪು, ಹಿಂದುಗಡೆ ಮೋಟಾರ್ ಕಚ್ಚಿಸುವುದಕ್ಕೆ ಚಪ್ಪಟೆ ಹಲಗೆಯೇ ಇಲ್ಲ. ಉತ್ತರ ಕನ್ನಡದ ತದಡಿಯಿಂದ ಮಿರ್ಜಾನ್ ಕಡೆಗೆ ಗಾಳ ಹಾಕಲು, ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಕಟ್ಟೆಯ ಹತ್ತಿರ ಹೋಗಿ ಬರಲು ಇದೇ ದೋಣಿ. ಚಿಕ್ಕಪ್ಪನಿಗೆ ಭುಜದ ನೋವು ಹೆಚ್ಚಾಗಿ ಹುಟ್ಟು ಹಾಕುವುದು ಕಷ್ಟವಾದಾಗ, 2022ರ ನವೆಂಬರಿನಲ್ಲಿ 12 ವೋಲ್ಟಿನ, 55 ಪೌಂಡ್ ತ್ರಸ್ಟ್‌ನ ಟ್ರೋಲಿಂಗ್ ಮೋಟಾರ್ (ಸಣ್ಣ ದೋಣಿಗೆ ಕಚ್ಚಿಸುವ ಬ್ಯಾಟರಿ ಮೋಟಾರ್; ತ್ರಸ್ಟ್ ಅಂದರೆ ಅದು ತಳ್ಳುವ ಬಲ) ತರಿಸಿದೆ. ಈಗ ಮೂರು ಮಳೆಗಾಲ ದಾಟಿದೆ. ಮೋಟಾರ್ ಒಳ್ಳೆಯದೇ. ಆದರೆ ನನ್ನ ಸಮಯ, ದುಡ್ಡು ಎರಡೂ ಹೆಚ್ಚು ಹೋಗಿದ್ದು ಅದನ್ನು ದೋಣಿಗೆ ಸರಿಯಾಗಿ ಕೂರಿಸುವುದಕ್ಕೆ. ಹಾಗಾಗಿ ಅದನ್ನೇ ವಿವರವಾಗಿ ಬರೆಯುತ್ತೇನೆ.

ಮೊದಲು ದೋಣಿಯ ನಡುವೆ, ನಾನು ಕೂರುವ ಜಾಗದ ಬಲಗಡೆ ಅಂಚಿಗೆ ಕ್ಲ್ಯಾಂಪ್ ಹಾಕಿದೆ. ಕೈಗೆ ಹತ್ತಿರ ಇರಲಿ ಎಂಬುದು ಲೆಕ್ಕ. ಬಲಗಡೆಯಿಂದ ತಳ್ಳಿದರೆ ದೋಣಿಯ ಮೂತಿ ಎಡಕ್ಕೇ ತಿರುಗುತ್ತದೆ, ಹಿಡಿಕೆಯನ್ನು ಇಡೀ ಹೊತ್ತು ಓರೆಯಾಗಿ ಹಿಡಿದೇ ಕೂರಬೇಕು. ಚಿಕ್ಕಪ್ಪ ಮೀನು ಎತ್ತಲು ಎಡಗಡೆಗೆ ಬಾಗಿದ ಕೂಡಲೇ ಬಲಗಡೆ ಮೇಲೇಳುತ್ತಿತ್ತು. ಮೋಟಾರಿನ ಫ್ಯಾನ್ (ನೀರು ತಳ್ಳುವ ರೆಕ್ಕೆ) ಗಾಳಿ ಎಳೆದುಕೊಂಡು ಗರಗರ ಎನ್ನುತ್ತಿತ್ತು, ದೋಣಿ ಮಾತ್ರ ನಿಂತಲ್ಲೇ. ಫ್ಯಾನಿನ ಮೇಲ್ತುದಿ ನೀರಿನಿಂದ ಒಂದು ಅಡಿಯಾದರೂ ಕೆಳಗಿರಬೇಕು ಎಂದು ಹೇಳುವುದು ಯಾಕೆಂದು ಅವತ್ತು ಅರ್ಥವಾಯಿತು.

ಈಗಿನ ವ್ಯವಸ್ಥೆ ಬೇರೆ. ಹಿಂದಿನ ತುದಿಯಿಂದ ಎರಡು ಅಡಿ ಮುಂದಕ್ಕೆ, ಎರಡು ಇಂಚು ದಪ್ಪದ ಹಲಸಿನ ಹಲಗೆಯನ್ನು ಅಂಚಿನಿಂದ ಅಂಚಿಗೆ ಅಡ್ಡ ಹಾಕಿಸಿದ್ದೇನೆ. ಬಲಗಡೆ ಅದು ಎಂಟು ಇಂಚು ಹೊರಗೆ ಚಾಚಿದೆ, ತುದಿಗೆ ನಿಲುವು ಹಲಗೆ, ಕ್ಲ್ಯಾಂಪ್ ಅದಕ್ಕೆ. 55 ಪೌಂಡ್ ಅಂದರೆ ಸುಮಾರು 25 ಕಿಲೋ ಬಲ. ಆ ಬಲ ಬೀಳುವುದು ಹಲಗೆಯಿಂದ ಎರಡು ಅಡಿ ಕೆಳಗೆ, ನೀರಿನೊಳಗೆ. ಹಾಗಾಗಿ ಸನ್ನೆ ಹಾಕಿ ಮೀಟಿದ ಹಾಗೆ ಹಲಗೆ ತಿರುಚಿಕೊಳ್ಳುತ್ತದೆ. ಬರೀ ಮರದ ಸ್ಕ್ರೂ ತಡೆಯುವುದಿಲ್ಲ. 8 ಮಿ.ಮೀ. ಸ್ಟೀಲ್ ಬೋಲ್ಟ್, ಕೆಳಗಡೆ ಅಗಲ ವಾಶರ್ ಬೇಕೇ ಬೇಕು. ಫೈಬರಿಗೆ ತೂತು ಹಾಕಿದ ಕಡೆಯಲ್ಲೆಲ್ಲ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಮತ್ತೆ ಕೊರೆದು ಬೋಲ್ಟ್ ಹಾಕಿ. ಅಂಚಿನೊಳಗೆ ಮರವಿದ್ದರೆ ನೀರು ಇಳಿದು ಕೊಳೆಯುತ್ತದೆ. ಕ್ಲ್ಯಾಂಪಿನ ತಿರುಪು ನಡುಕಕ್ಕೆ ಸಡಿಲಾಗುತ್ತದೆ. ಮೋಟಾರಿನಿಂದ ದೋಣಿಗೆ ಒಂದು ಗಟ್ಟಿ ಹಗ್ಗ ಕಟ್ಟಿಡಿ, ನನ್ನದು ಒಮ್ಮೆ ಕಳಚಿ ಹಗ್ಗದಲ್ಲೇ ನೇತಾಡಿದೆ.

ಬ್ಯಾಟರಿಯ ವಿಷಯಕ್ಕೆ ಬರುತ್ತೇನೆ. ಮೊದಲ ವರ್ಷ ಮನೆಯ ಇನ್ವರ್ಟರಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಹೊತ್ತೆವು. ಹತ್ತಿರ ಹತ್ತಿರ 55 ಕಿಲೋ. ಇಳಿತದ ಹೊತ್ತಿಗೆ ಮೊಣಕಾಲುದ್ದ ಕೆಸರಿನಲ್ಲಿ ಇಬ್ಬರು ಹೊತ್ತು ನಡೆಯುವುದು ಅಪಾಯ. ಮೇಲಾಗಿ ನಾನೂ ಬ್ಯಾಟರಿಯೂ ಹಿಂದೆ ಇದ್ದರೆ ಮೂತಿ ಮೇಲೆದ್ದು ಮಧ್ಯಾಹ್ನದ ಕಡಲ ಗಾಳಿಗೆ ಅತ್ತಿತ್ತ ಹೊರಳುತ್ತದೆ. ಬ್ಯಾಟರಿಯನ್ನು ಮುಂದಕ್ಕೆ ಸರಿಸಿ, ಮನೆ ವೈರಿಂಗಿಗೆ ತಂದಿದ್ದ 6 ಚದರ ಮಿ.ಮೀ. ವೈರ್ ಎಳೆದೆ. ಅದು ನಾನು ಮಾಡಿದ ದೊಡ್ಡ ತಪ್ಪು. ಪೂರ್ಣ ವೇಗದಲ್ಲಿ ಈ ಮೋಟಾರ್ 50 ಆಂಪಿಯರ್ ಎಳೆಯುತ್ತದೆ. ನಾಲ್ಕು ಮೀಟರ್ ದೂರಕ್ಕೆ ಹೋಗಿ ಬರುವ ಆ ವೈರಿನಲ್ಲೇ ಒಂದು ವೋಲ್ಟಿಗಿಂತ ಹೆಚ್ಚು ನಷ್ಟ. ಒಂದು ದಿನ ಸುಟ್ಟ ವಾಸನೆ ಬಂತು. ಲಗ್ (ವೈರಿನ ತುದಿಯ ಲೋಹದ ಕೊಂಡಿ) ಕಪ್ಪಾಗಿತ್ತು, ಅದರ ಪಕ್ಕದ ಪ್ಲಾಸ್ಟಿಕ್ ಬೆರಳಿಗೆ ಅಂಟುವಷ್ಟು ಮೆತ್ತಗಾಗಿತ್ತು. ಈಗ 16 ಚದರ ಮಿ.ಮೀ. ತಾಮ್ರದ ಕೇಬಲ್, ಬ್ಯಾಟರಿಯ ಪಕ್ಕದಲ್ಲೇ 60 ಆಂಪಿಯರ್ ಬ್ರೇಕರ್. ಬ್ಯಾಟರಿಯೂ 100 ಎಎಚ್ ಲಿಥಿಯಂ ಫಾಸ್ಫೇಟ್, 12 ಕಿಲೋ, ಒಂದೇ ಕೈಯಲ್ಲಿ ಎತ್ತಬಹುದು. ಬೆಲೆ ಜಾಸ್ತಿ, ನಿಜ. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಆಯಸ್ಸು ಬೇಗ ಮುಗಿಯುತ್ತದೆ, ಇದನ್ನು ಬಹುಪಾಲು ಬಳಸಬಹುದು.

ಪೂರ್ಣ ವೇಗದಲ್ಲಿ ನಿಂತ ನೀರಿನ ಮೇಲೆ ಗಂಟೆಗೆ 6 ಕಿ.ಮೀ., ಮೊಬೈಲಿನ ಜಿಪಿಎಸ್‌ನಲ್ಲಿ ನೋಡಿದ್ದು. ಹಾಗೆ ಓಡಿಸಿದರೆ ಎರಡು ಗಂಟೆಯೊಳಗೆ ಬ್ಯಾಟರಿ ಮುಗಿಯುತ್ತದೆ. ನಿಧಾನಕ್ಕೆ ಹೋದರೆ ಇಡೀ ಬೆಳಗ್ಗೆ ಸಾಕು. ದೋಣಿ, ಜನ, ಸಾಮಾನು ಸೇರಿ ಪ್ರತಿ 45 ಕಿಲೋಗೆ 2 ಪೌಂಡ್ ತ್ರಸ್ಟ್ ಎಂಬ ಲೆಕ್ಕವಿದೆ. ಆ ಪ್ರಕಾರ ನಮಗೆ 15 ಪೌಂಡ್ ಸಾಕಿತ್ತು. ಅದು ಕೆರೆಯ ಲೆಕ್ಕ. ಅಘನಾಶಿನಿಗೆ ಅಣೆಕಟ್ಟಿಲ್ಲ, ಅಮಾವಾಸ್ಯೆ-ಹುಣ್ಣಿಮೆಯ ಇಳಿತದಲ್ಲಿ ಅಳಿವೆಯ ಕಡೆ ನೀರು ಓಡುವುದನ್ನು ನೋಡಿದವರಿಗೆ ಗೊತ್ತು. ಆ ಹೊತ್ತಿನಲ್ಲಿ 55 ಪೌಂಡಿನಲ್ಲೂ ಗಂಟೆಗೆ ಎರಡು ಕಿ.ಮೀ. ಮುಂದೆ ಹೋಗುವುದೇ ಹೆಚ್ಚು. ಭರತದ ಜೊತೆ ಮೇಲಕ್ಕೆ, ಇಳಿತದ ಜೊತೆ ಮನೆಗೆ, ಹೀಗೆ ಹೊತ್ತು ನೋಡಿಯೇ ಹೊರಡುತ್ತೇವೆ. "ತಮಾ, ಹುಟ್ಟು ಬಿಟ್ಟು ಹೊಳೆಗೆ ಇಳಿಬೇಡ" ಎಂದು ಚಿಕ್ಕಪ್ಪ ಇವತ್ತಿಗೂ ಹೇಳುತ್ತಾರೆ. ಹುಟ್ಟು, ಗಳ ಎರಡೂ ದೋಣಿಯಲ್ಲೇ ಇರುತ್ತವೆ.

ಉಪ್ಪುನೀರಿನ ಬಗ್ಗೆ ಮಾರಿದವರು ಮೊದಲೇ ಹೇಳಬೇಕಿತ್ತು. ನನ್ನದು ಸಿಹಿನೀರಿನ ಮಾದರಿ, ಉಪ್ಪುನೀರಿಗೆಂದೇ ಬೇರೆ ಮಾದರಿ ಬರುತ್ತದೆ. ಎರಡನೇ ವರ್ಷ ಸೀಲ್ ಹೋಗಿ ಒಳಗೆ ನೀರು ಸೇರಿದಾಗ, ಉಪ್ಪುನೀರಿನಲ್ಲಿ ಬಳಸಿದ್ದಕ್ಕೆ ವಾರಂಟಿ ಇಲ್ಲ ಎಂದರು. ಫ್ಯಾನ್ ಬಿಚ್ಚಿ ನೋಡಿದರೆ ಅದರ ಹಿಂದೆ ಕೂದಲಿನಷ್ಟು ಸಣ್ಣ ನೈಲಾನ್ ದಾರ ಉಂಗುರದ ಹಾಗೆ ಬಿಗಿದು ಸೀಲನ್ನು ಕೊಯ್ದಿತ್ತು. ಅಂದಿನಿಂದ ತಿಂಗಳಿಗೊಮ್ಮೆ ಫ್ಯಾನ್ ಬಿಚ್ಚುತ್ತೇನೆ. ಪ್ರತಿ ಸಲ ಬಾವಿ ನೀರಿನಲ್ಲಿ ತೊಳೆದು, ಕನೆಕ್ಟರಿಗೆ ಗ್ರೀಸ್ ಹಚ್ಚುತ್ತೇನೆ. ಸತುವಿನ ಆನೋಡ್ (ಮೋಟಾರಿನ ಬದಲು ತಾನು ಸವೆಯುವ ಲೋಹದ ತುಂಡು) ಹಾಕಿಸಿದ್ದೇನೆ, ಅದು ಸವೆದಷ್ಟೂ ಮೋಟಾರಿನ ಮೈ ಉಳಿಯುತ್ತದೆ. ಬಳಚು (ಚಿಪ್ಪುಜೀವಿ) ಇರುವ ದಿಬ್ಬಕ್ಕೆ ಫ್ಯಾನ್ ತಾಗಿದರೆ ಅದನ್ನು ಹಿಡಿದಿರುವ ಪಿನ್ ತುಂಡಾಗುತ್ತದೆ. ಅದು ತುಂಡಾಗಲೆಂದೇ ಇರುವುದು, ಎರಡು ಹೆಚ್ಚುವರಿ ಪಿನ್ನು, ಒಂದು ನಟ್ಟು, ಒಂದು ಪಾನಾ ಡಬ್ಬಿಯಲ್ಲಿರಲಿ.

ಇಷ್ಟೆಲ್ಲ ಆದರೂ ಮಾರುವ ಯೋಚನೆ ಒಮ್ಮೆಯೂ ಬಂದಿಲ್ಲ. ಬೆಳಗಿನ ಜಾವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಕ್ಕ ಒಂದನೇ ಸ್ಪೀಡಿನಲ್ಲಿ ಹೋದರೆ ಬೇರಿನ ಮೇಲೆ ಕೂತ ಕೊಕ್ಕರೆಯೂ ಹಾರುವುದಿಲ್ಲ. ಶೆಟ್ಲಿ (ಸಿಗಡಿ) ಚುಚ್ಚಿದ ಗಾಳಕ್ಕೆ ಕೆಂಬೇರಿ ಮೀನು ಕಚ್ಚುವುದೂ ಅಂಥ ಸದ್ದಿಲ್ಲದ ಜಾಗದಲ್ಲೇ. ಚಿಕ್ಕಪ್ಪ ವಾರಕ್ಕೆ ಮೂರು ದಿನ ಮತ್ತೆ ಹೊಳೆಗೆ ಇಳಿಯುತ್ತಿದ್ದಾರೆ. ಈ ಸಲ ಹಲಸಿನ ಹಲಗೆಯ ಹೊರತುದಿ ಸ್ವಲ್ಪ ಸೀಳಿದೆ, ದೀಪಾವಳಿಯ ಮೊದಲು ಬದಲಾಯಿಸಬೇಕು.