ನಾಲ್ಕು ವರ್ಷ ನಡೆದ ಉರುಟುಗಲ್ಲಿನ ಹಾದಿ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಹಿತ್ತಲಿನಲ್ಲಿ, ಒಗೆಯುವ ಕಲ್ಲಿನಿಂದ ತುಳಸಿಕಟ್ಟೆಯವರೆಗಿನ 12 ಅಡಿ ಹಾದಿಗೆ ಉರುಟುಗಲ್ಲುಗಳನ್ನು ಸಿಮೆಂಟ್ ಗಾರೆಯಲ್ಲಿ ಕೂರಿಸಿ ನಾಲ್ಕು ವರ್ಷಗಳಾದವು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬರಿಗಾಲಿನಲ್ಲಿ ಅದರ ಮೇಲೆ ನಾಲ್ಕು ಸುತ್ತು ಹಾಕದೆ ನನಗೆ ದಿನ ಆರಂಭವಾಗುವುದಿಲ್ಲ. ಮೂರನೆಯ ಹೆಜ್ಜೆಗೆ ಸಿಗುವ ಚಪ್ಪಟೆ ಬೂದುಗಲ್ಲು ಪಾದದ ಕುಳಿಯನ್ನು ಹಿತವಾಗಿ ಒತ್ತುತ್ತದೆ. ತುಳಸಿಗೆ ಹಾಕಿದ ನೀರು ಹರಿದು ಬಂದಾಗ ಒಣಗಿ ಮಂಕಾಗಿದ್ದ ಕೆಂಪು, ಕಪ್ಪು ಗೆರೆಗಳೆಲ್ಲ ಒಮ್ಮೆಲೇ ಎದ್ದು ಕಾಣುತ್ತವೆ.

ಆದರೆ ಮಾರಾಟಗಾರರು ಬಣ್ಣದ ಕಲ್ಲಿನ ಚೀಲಕ್ಕೂ, ಕಿಲೋಗೆ 6 ರೂಪಾಯಿ ಹೆಚ್ಚು ಪಡೆದ ಬಿಳಿ ಕಲ್ಲಿನ ಚೀಲಕ್ಕೂ 'ಉರುಟಾದ ನದಿಕಲ್ಲು' ಎಂಬ ಒಂದೇ ವಿವರಣೆ ಕೊಟ್ಟಿದ್ದರು. ಎರಡನೆಯ ವರ್ಷ ಗಾರೆಯ ಮೇಲೆ ಉಪ್ಪುಗಟ್ಟಿದ ಬಿಳಿ ಪೊರೆಯನ್ನು ತೆಗೆಯಲು ನಾನು ಆಸಿಡ್ ಸುರಿದಾಗ ಬಿಳಿ ಕಲ್ಲುಗಳು ನೊರೆಗರೆದು ಹೊಳಪನ್ನೆಲ್ಲ ಕಳೆದುಕೊಂಡವು. ಅವು ಒಡೆದ ಅಮೃತಶಿಲೆಯನ್ನು ಯಂತ್ರದಲ್ಲಿ ಉರುಳಿಸಿ ನುಣುಪು ಮಾಡಿದವು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ, ನದಿಕಲ್ಲುಗಳಲ್ಲಿ ಸಾಮಾನ್ಯವಾಗಿ ಸಿಗುವ ಕ್ವಾರ್ಟ್ಜ್ ಖನಿಜದ್ದು 7 ಆದರೆ ಅಮೃತಶಿಲೆಯಲ್ಲಿರುವ ಕ್ಯಾಲ್ಸೈಟ್ ಖನಿಜದ್ದು 3 ಮಾತ್ರ. ಆಸಿಡ್ ಸುರಿದ ಅವಿವೇಕ ನನ್ನದೇ, ಒಪ್ಪುತ್ತೇನೆ. ಕಲ್ಲು ಯಾವುದೆಂದು ತಿಳಿದಿದ್ದರೆ ಸುರಿಯುತ್ತಿರಲಿಲ್ಲ.

'ಉರುಟು' ಎಂಬ ಮಾತೇ ಸಾಲದು. 4ರಿಂದ 64 ಮಿಲಿಮೀಟರ್ ಗಾತ್ರದ ಇಂಥ ಕಲ್ಲುಗಳನ್ನು ವರ್ಣಿಸುವಾಗ ಭೂವಿಜ್ಞಾನಿಗಳು, ಕಲ್ಲು ಚೆಂಡಿಗೆ ಎಷ್ಟು ಹತ್ತಿರ ಎಂಬುದನ್ನೂ ಅದರ ಅಂಚುಗಳು ಎಷ್ಟು ಸವೆದಿವೆ ಎಂಬುದನ್ನೂ ಬೇರೆಬೇರೆಯಾಗಿ ನೋಡುತ್ತಾರೆ. ಎರಡನೆಯದಕ್ಕೆ 1953ರಲ್ಲಿ ಭೂವಿಜ್ಞಾನಿ ಪವರ್ಸ್ ರೂಪಿಸಿದ ಆರು ಹಂತಗಳ ಚಿತ್ರಪಟವೇ ಇದೆ. ನನ್ನ ಚಪ್ಪಟೆ ಬೂದುಗಲ್ಲು ಚೆಂಡಿನಂತಿಲ್ಲ, ಆದರೆ ಅದರ ಒಂದು ಅಂಚೂ ಕಾಲಿಗೆ ತಾಗುವುದಿಲ್ಲ. ಬಿಳಿಯವುಗಳಲ್ಲಿ ಹಲವು ಗುಂಡಗೇನೋ ಇವೆ, ಒಡೆದ ಮೂಲೆಯ ಗುರುತು ಮಾತ್ರ ಹಿಮ್ಮಡಿಗೆ ಇಂದಿಗೂ ತಿಳಿಯುತ್ತದೆ. ಅಲ್ಲದೆ, ದುಂಡಗಿರುವುದೆಲ್ಲ ಹೊಳೆಯಲ್ಲಿ ಸವೆದದ್ದೂ ಅಲ್ಲ: ಜಂಬಿಟ್ಟಿಗೆ ಮಣ್ಣಿನಲ್ಲಿ ಸಿಗುವ ಬಟಾಣಿಯಂಥ ಕಬ್ಬಿಣದ ಗುಂಡುಗಳಲ್ಲಿ ಎಷ್ಟೋ ಪದರ ಪದರವಾಗಿ ಅಲ್ಲೇ ಬೆಳೆದವು.

ಬಣ್ಣದ ಕಲ್ಲಿಗೆ 5ಕ್ಕೆ 4 ಅಂಕ ಕೊಡುತ್ತೇನೆ. ಸಂದುಗಳ ಪಾಚಿಯನ್ನು ವಾರಕ್ಕೊಮ್ಮೆ ತೆಂಗಿನ ನಾರಿನಿಂದ ಉಜ್ಜಬೇಕಾದುದಕ್ಕೆ ಒಂದು ಕಳೆದಿದ್ದೇನೆ. ಬಿಳಿಯದಕ್ಕೆ 2. ಕೀಳಿಸೋಣವೆಂದರೆ ಗಾರೆ ಕೆಲಸದವರ ಕೂಲಿಯೇ ಕಲ್ಲಿನ ಬೆಲೆಯನ್ನು ಮೀರುತ್ತದೆ. ಅಮ್ಮ ಮಾತ್ರ ಕೀಳಿಸುವುದು ಬೇಡವೆನ್ನುತ್ತಾರೆ. ಆಸಿಡ್ ತಿಂದು ಒರಟಾದ ಆ ಕಲ್ಲುಗಳು ಜಾರುವುದಿಲ್ಲವೆಂದು ಮಳೆಗಾಲದಲ್ಲಿ ಅವುಗಳ ಮೇಲೇ ಕಾಲಿಟ್ಟು ತುಳಸಿಗೆ ದೀಪ ಹಚ್ಚಲು ಹೋಗುತ್ತಾರೆ.