ಹೀಬ್ರೂ ಟೈಪಿಂಗ್: ಯಾವ ಕೀಲಿಮಣೆ ವಿನ್ಯಾಸ ಯಾರಿಗೆ?

ಮಂಗಳೂರಿನ ಬಲ್ಮಠದಲ್ಲೋ ಜೆಪ್ಪುವಿನಲ್ಲೋ ದೇವಶಾಸ್ತ್ರ ಓದುತ್ತ, ಇಂಗ್ಲಿಷ್ ಕೀಲಿಮಣೆಯಿಂದಲೇ ವರ್ಡ್‌ನಲ್ಲಿ ಹೀಬ್ರೂ ಬರೆಯಬೇಕಾದವರ ಮುಂದೆ ಎರಡು ದಾರಿಗಳಿವೆ: ವಿಂಡೋಸ್ ಜೊತೆಗೇ ಬರುವ ಇಸ್ರೇಲಿನ ಪ್ರಮಾಣಿತ ವಿನ್ಯಾಸ, ಇಲ್ಲವೇ ಬೇರೆಯಾಗಿ ಅಳವಡಿಸಿಕೊಳ್ಳಬೇಕಾದ ಎಸ್‌ಬಿಎಲ್ (ಸೊಸೈಟಿ ಆಫ್ ಬಿಬ್ಲಿಕಲ್ ಲಿಟರೇಚರ್ ಎಂಬ ಬೈಬಲ್ ವಿದ್ವಾಂಸರ ಸಂಘ) ಧ್ವನ್ಯಾತ್ಮಕ ವಿನ್ಯಾಸ. ಎರಡೂ ಉಚಿತ.

ಕಲಿಕೆಯಲ್ಲಿ ಮಾತ್ರ ಅಂತರ ದೊಡ್ಡದು. ಪ್ರಮಾಣಿತ ವಿನ್ಯಾಸದಲ್ಲಿ ಹೀಬ್ರೂವಿನ ಆಲೆಫ್ ಅಕ್ಷರ ‘ಟಿ’ ಕೀಲಿಯಲ್ಲೂ ‘ಶ’ ಧ್ವನಿಯ ಶಿನ್ ‘ಎ’ ಕೀಲಿಯಲ್ಲೂ ಇರುವುದರಿಂದ, ಕೀಲಿಗಳಿಗೆ ಅಕ್ಷರದ ಚೀಟಿ ಅಂಟಿಸದೆ ಆರಂಭಿಸುವುದು ಕಷ್ಟ. ನುಡಿ ತಂತ್ರಾಂಶದಲ್ಲಿ ಕನ್ನಡ ಬರೆದು ರೂಢಿಯಿದ್ದವರಿಗೆ, ‘ಬಿ’ ಒತ್ತಿದರೆ ‘ಬ’ ಧ್ವನಿಯ ಬೇತ್ ಮೂಡುವ ಧ್ವನ್ಯಾತ್ಮಕ ವಿನ್ಯಾಸ ಬೇಗ ಒಲಿಯುತ್ತದೆ. ಸ್ವರಚಿಹ್ನೆಗಳು ತುಂಬಿದ ಬೈಬಲ್ ಪಾಠಕ್ಕೂ ಇದನ್ನೇ ಶಿಫಾರಸು ಮಾಡುತ್ತೇನೆ. ಆದರೆ ಕಾಲೇಜಿನ ಗಣಕಯಂತ್ರದಲ್ಲಿ ಹೊಸ ತಂತ್ರಾಂಶ ಹಾಕಲು ಅನುಮತಿಯಿಲ್ಲದವರಿಗೆ ಮತ್ತು ಸ್ವರಚಿಹ್ನೆಯಿಲ್ಲದ ಆಧುನಿಕ ಹೀಬ್ರೂ ಬರೆಯುವವರಿಗೆ ಪ್ರಮಾಣಿತ ವಿನ್ಯಾಸವೇ ಸೂಕ್ತ. ಯಾವುದನ್ನು ಆರಿಸಿದರೂ, ವರ್ಡ್‌ನಲ್ಲಿ ಸಾಲು ಬಲದಿಂದ ಎಡಕ್ಕೆ ಹರಿಯಲು ಕಂಟ್ರೋಲ್ ಜೊತೆ ಬಲಬದಿಯ ಶಿಫ್ಟ್ ಒತ್ತಬೇಕು.