ಕನ್ನಡ ಬರೆಯುವವರಿಗೆ ಚಿಕ್ಕ ಲ್ಯಾಪ್‌ಟಾಪ್: ಹೊಸ ಅಗ್ಗದ್ದೋ, ಕ್ರೋಮ್‌ಬುಕ್ಕೋ, ಹಳೆಯ ಥಿಂಕ್‌ಪ್ಯಾಡೋ?

ಇಪ್ಪತ್ತು ಸಾವಿರ ರೂಪಾಯಿಯೊಳಗೆ ಸಿಗುವ, ಚೀಲದಲ್ಲಿ ಹಾಕಿಕೊಂಡು ಓಡಾಡಬಹುದಾದ, ದಿನವಿಡೀ ಕನ್ನಡ ಬರೆಯಲು ಒಗ್ಗುವ ಲ್ಯಾಪ್‌ಟಾಪ್ ಯಾವುದು ಎಂದು ಯಾರು ಕೇಳಿದರೂ ಈಗ ನನ್ನದು ಒಂದೇ ಉತ್ತರ: ಸೆಕೆಂಡ್ ಹ್ಯಾಂಡ್ ಲೆನೋವೊ ಥಿಂಕ್‌ಪ್ಯಾಡ್ ಎಕ್ಸ್270. ಅದು 2017ರ ಮಾದರಿ, 12.5 ಇಂಚಿನದು. ಹೊಸದನ್ನು ಬಿಟ್ಟು ಇಷ್ಟು ಹಳೆಯದನ್ನು ಯಾಕೆ ಹೇಳುತ್ತೀರಿ ಎಂಬ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು.

ನನ್ನ ಕೆಲಸ ಪ್ರೂಫ್ ನೋಡುವುದು, ನಡುನಡುವೆ ಅನುವಾದ. ಇರುವುದು ಶಿರಸಿಯಲ್ಲಿ. ಒಂದಷ್ಟು ಕಾಲ ನಮ್ಮ ಮನೆಯಲ್ಲಿ ಮೂರು ಬಗೆಯ ಚಿಕ್ಕ ಲ್ಯಾಪ್‌ಟಾಪ್ ಒಟ್ಟಿಗೇ ಇದ್ದವು. ತಮ್ಮನ ಮಗನ ಕಾಲೇಜಿಗೆಂದು ತಂದ ಹೊಸ 11.6 ಇಂಚಿನ ವಿಂಡೋಸ್ ಲ್ಯಾಪ್‌ಟಾಪ್ ಒಂದು, ನಾದಿನಿ ಬಿಟ್ಟುಹೋದ, ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಇರುವ ಕ್ರೋಮ್‌ಬುಕ್ ಇನ್ನೊಂದು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ನಾನೇ ತಂದ ಥಿಂಕ್‌ಪ್ಯಾಡ್ ಮೂರನೆಯದು. ಮೂರರಲ್ಲೂ ನನ್ನ ನಿತ್ಯದ ಕೆಲಸವನ್ನೇ ಮಾಡಿ ನೋಡಿದ್ದೇನೆ. ಸಿನಿಮಾ, ಆಟ, ವಿಡಿಯೋ ಎಡಿಟಿಂಗ್ ನನ್ನ ದಾರಿಯಲ್ಲ; ಅದಕ್ಕಾಗಿ ಹುಡುಕುತ್ತಿರುವವರಿಗೆ ಇಲ್ಲಿ ಹೆಚ್ಚೇನೂ ಸಿಗದು.

ಪ್ರೊಸೆಸರ್ ಯಾವುದು, ಎಷ್ಟು ವೇಗ ಎಂಬುದು ಅಂಗಡಿಯ ಚೀಟಿಯಲ್ಲೇ ಇರುತ್ತದೆ. ಚೀಟಿಯಲ್ಲಿ ಇಲ್ಲದ, ಕನ್ನಡ ಬರೆಯುವವರನ್ನು ದಿನವೂ ಕಾಡುವ ಒಂದು ವಿಷಯವಿದೆ. ಅದು ಶಿಫ್ಟ್ ಕೀ.

ನಾನು ಬರೆಯುವುದು ನುಡಿಯ ಕೆಜಿಪಿ ಕೀಬೋರ್ಡ್ ವಿನ್ಯಾಸದಲ್ಲಿ. ಕೆ.ಪಿ. ರಾಯರು ರೂಪಿಸಿದ ಈ ವಿನ್ಯಾಸ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ನಾಡಿನ ಕಚೇರಿ, ಡಿಟಿಪಿ ಅಂಗಡಿಗಳಿಗೆಲ್ಲ ಹರಡಿದೆ. ಇದರಲ್ಲಿ ಹ್ರಸ್ವಕ್ಕೆ ಕೀಯನ್ನು ಹಾಗೆಯೇ ಒತ್ತಬೇಕು, ದೀರ್ಘಕ್ಕೆ ಶಿಫ್ಟ್ ಹಿಡಿದು ಒತ್ತಬೇಕು. ಮಹಾಪ್ರಾಣಕ್ಕೂ ಶಿಫ್ಟ್, ಣ ಮತ್ತು ಳಕ್ಕೂ ಶಿಫ್ಟ್, ಅನುಸ್ವಾರಕ್ಕೂ ಶಿಫ್ಟ್. ‘ಮಾಡುತ್ತಾಳೆ’ ಎಂದು ಬರೆಯಲು ಹತ್ತು ಸಲ ಕೀ ಒತ್ತುತ್ತೇವೆ, ಅದರಲ್ಲಿ ಮೂರಕ್ಕೆ ಶಿಫ್ಟ್ ಬೇಕು. ಇಂಗ್ಲಿಷ್ ಬರೆಯುವವರು ವಾಕ್ಯದ ಮೊದಲಿಗೆ ಒಮ್ಮೆ ಶಿಫ್ಟ್ ಮುಟ್ಟಿದರೆ ಮುಗಿಯಿತು. ನಾವು ಪದಪದಕ್ಕೂ ಮುಟ್ಟುತ್ತೇವೆ.

ಟೈಪಿಂಗ್ ಕಲಿತವರ ಕೈಗೆ ಇನ್ನೊಂದು ರೂಢಿಯಿದೆ. ಎಡಗೈ ಬೆರಳಿನ ಅಕ್ಷರಕ್ಕೆ ಬಲಗಡೆಯ ಶಿಫ್ಟ್, ಬಲಗೈಯದಕ್ಕೆ ಎಡಗಡೆಯದು. ಆ ಮತ್ತು ಏ ಇರುವ ಕೀಗಳು ಎರಡೂ ಎಡಗೈ ಪಾಲಿನವು. ‘ಕಾವೇರಿ’ ಎಂದು ಬರೆಯುವಷ್ಟರಲ್ಲಿ ಬಲ ಕಿರುಬೆರಳು ಎರಡು ಸಲ ಶಿಫ್ಟಿನ ಮೇಲೆ ಹೋಗಿರುತ್ತದೆ.

ಆ ಹೊಸ 11.6 ಇಂಚಿನ ಲ್ಯಾಪ್‌ಟಾಪಿನಲ್ಲಿ ಜಾಗ ಉಳಿಸಲು ಬಲಗಡೆಯ ಶಿಫ್ಟನ್ನು ಕತ್ತರಿಸಿ, ಅದರ ಎಡಕ್ಕೆ ಮೇಲ್ಮುಖದ ಆ್ಯರೋ ಕೀಯನ್ನು ತಂದು ಕೂರಿಸಿದ್ದರು. ಕಿರುಬೆರಳು ರೂಢಿಯಂತೆ ಹೋಗಿ ಬೀಳುವುದು ಆ್ಯರೋ ಮೇಲೆಯೇ. ಕರ್ಸರ್ ಮೇಲಿನ ಸಾಲಿಗೆ ಹಾರುತ್ತದೆ. ನಾನು ಬರೆಯುತ್ತಿದ್ದ ಪದ ದೀರ್ಘವಿಲ್ಲದೆ ಅರ್ಧಕ್ಕೇ ನಿಲ್ಲುತ್ತದೆ, ಮುಂದೆ ಒತ್ತಿದ್ದೆಲ್ಲ ಮೇಲಿನ ಸಾಲಿನ ಯಾವುದೋ ಪದದ ಹೊಟ್ಟೆಯೊಳಗೆ ಹೋಗಿ ಕೂರುತ್ತದೆ. ಮೂಲ ಹಾಳೆಯನ್ನು ನೋಡಿಕೊಂಡು ಬರೆಯುವಾಗ ಕಣ್ಣು ಪರದೆಯ ಮೇಲಿರುವುದಿಲ್ಲ. ತಲೆ ಎತ್ತುವ ಹೊತ್ತಿಗೆ ಎರಡು ಸಾಲು ಕೆಟ್ಟಿರುತ್ತವೆ.

ಪೂರ್ತಿ ಕೆಟ್ಟರೆ ಕಣ್ಣಿಗೆ ಬೀಳುತ್ತದೆ, ತಿದ್ದಬಹುದು. ಬೆರಳು ಎರಡು ಕೀಗಳ ಸಂದಿಯಲ್ಲಿ ಬಿದ್ದು, ಶಿಫ್ಟೂ ಇಲ್ಲ ಆ್ಯರೋವೂ ಇಲ್ಲ ಎಂಬಂತಾದಾಗ ದೀರ್ಘವೊಂದು ಸದ್ದಿಲ್ಲದೆ ಹ್ರಸ್ವವಾಗುತ್ತದಲ್ಲ, ಅದು ಇನ್ನೂ ಅಪಾಯ. ನಾಡು ನಡುವಾಗುತ್ತದೆ, ಮಾನ ಮನವಾಗುತ್ತದೆ, ಬಾಡಿಗೆ ಬಡಿಗೆಯಾಗುತ್ತದೆ. ಎಲ್ಲವೂ ನಿಘಂಟಿನಲ್ಲಿರುವ ಪದಗಳೇ ಆದ್ದರಿಂದ ಕಾಗುಣಿತ ತಪಾಸಣೆಗೂ ಸಿಕ್ಕುವುದಿಲ್ಲ. ಪ್ರೂಫ್ ನೋಡುವವಳ ಯಂತ್ರವೇ ತಪ್ಪು ಹುಟ್ಟಿಸಿದರೆ ಮತ್ತೆ ಆ ಪುಟವನ್ನು ಯಾರು ನೋಡಬೇಕು?

ಉಪಾಯಗಳಿಲ್ಲ ಎಂದಲ್ಲ. ಪವರ್‌ಟಾಯ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಆ್ಯರೋ ಕೀಗೆ ಶಿಫ್ಟಿನ ಕೆಲಸ ವಹಿಸಬಹುದು. ವಹಿಸಿ ನೋಡಿದೆ, ಆಮೇಲೆ ಸಾಲಿನಿಂದ ಸಾಲಿಗೆ ಮೇಲೆ ಹೋಗಲು ಕೀ ಇಲ್ಲದಂತಾಯಿತು. ತಿದ್ದುವ ಕೆಲಸಕ್ಕೆ ಆ್ಯರೋ ಕೀಗಳೇ ಕೈಕಾಲು. ಹೊರಗಿನಿಂದ ಯುಎಸ್‌ಬಿ ಕೀಬೋರ್ಡ್ ಜೋಡಿಸಿದರೆ ತೊಂದರೆ ತಪ್ಪುತ್ತದೆ ನಿಜ. ಆದರೆ ಬಸ್ಸಿನಲ್ಲಿ, ಪ್ರೆಸ್ಸಿನ ಬೆಂಚಿನ ಮೇಲೆ, ಆಸ್ಪತ್ರೆಯ ವರಾಂಡದಲ್ಲಿ ಕೂತು ಕೆಲಸ ಮಾಡಬೇಕೆಂದಲ್ಲವೇ ಚಿಕ್ಕ ಲ್ಯಾಪ್‌ಟಾಪ್ ಬೇಕಾದದ್ದು!

ಥಿಂಕ್‌ಪ್ಯಾಡಿನಲ್ಲಿ ಆ್ಯರೋ ಕೀಗಳು ಒಂದು ಸಾಲು ಕೆಳಗಿವೆ. ಎರಡೂ ಶಿಫ್ಟ್ ಪೂರ್ತಿ ಅಗಲದವು. ಬೆರಳು ತನ್ನ ಪಾಡಿಗೆ ಹೋಗುತ್ತದೆ, ಬರುತ್ತದೆ. ಕೀಗಳು ಸಾಕಷ್ಟು ಆಳಕ್ಕೆ ಇಳಿಯುವುದರಿಂದ ಒತ್ತಿದ್ದು ಬೆರಳಿಗೇ ತಿಳಿಯುತ್ತದೆ. ಇದೊಂದೇ ಕಾರಣಕ್ಕೆ ಉಳಿದೆಲ್ಲ ಕೊರತೆಗಳನ್ನು ನಾನು ಮನ್ನಿಸಬಲ್ಲೆ. ಎಡತುದಿಯಲ್ಲಿ ಕಂಟ್ರೋಲ್ ಇರಬೇಕಾದ ಜಾಗದಲ್ಲಿ ಫಂಕ್ಷನ್ ಕೀ ಇದೆ. ಬಯೋಸ್‌ಗೆ, ಅಂದರೆ ಯಂತ್ರ ಶುರುವಾಗುವಾಗಲೇ ತೆರೆಯಬಹುದಾದ ಮೂಲ ಸೆಟ್ಟಿಂಗಿಗೆ, ಹೋಗಿ ಎರಡನ್ನೂ ಅದಲುಬದಲು ಮಾಡಿಕೊಳ್ಳುವ ಅವಕಾಶ ಕೊಟ್ಟಿದ್ದಾರೆ.

ಒಂದು ಎಚ್ಚರಿಕೆ. ಹೊರದೇಶದ ಕಚೇರಿಗಳಿಂದ ಬಂದ ಹಳೆಯ ಲ್ಯಾಪ್‌ಟಾಪ್‌ಗಳೂ ಇಲ್ಲಿನ ಅಂಗಡಿಗಳಲ್ಲಿ ಇರುತ್ತವೆ. ಎಂಟರ್ ಕೀ ಎರಡು ಸಾಲಿನೆತ್ತರಕ್ಕೆ ನಿಂತಿದ್ದರೆ, ಮೂರರ ಕೀ ಮೇಲೆ ಪೌಂಡ್ ಗುರುತಿದ್ದರೆ ಅದು ಬ್ರಿಟನ್ನಿನ ಕೀಬೋರ್ಡ್. ಅದರಲ್ಲಿ ಎಡಗಡೆಯ ಶಿಫ್ಟ್ ಗಿಡ್ಡ, ಪಕ್ಕದಲ್ಲೊಂದು ಹೆಚ್ಚುವರಿ ಕೀ. ಳ, ಣ, ಅನುಸ್ವಾರ ಬರೆಯುವಾಗ ಅದೇ ಕಥೆ ಎಡಗಡೆ ಶುರುವಾಗುತ್ತದೆ. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಎನ್ನಿ.

ಕ್ರೋಮ್‌ಬುಕ್ಕಿನ ಶಿಫ್ಟ್‌ಗಳು ಚೆನ್ನಾಗಿದ್ದವು. ಅದರ ಬ್ಯಾಟರಿಯೂ ಮೂರರಲ್ಲಿ ಮೇಲು, ತೆರೆದ ಕೂಡಲೇ ಕೆಲಸಕ್ಕೆ ಸಿದ್ಧ. ನಾದಿನಿಯ ಮಕ್ಕಳಿಗೆ ಪಾಠ, ಯೂಟ್ಯೂಬ್, ಇಮೇಲ್ ಎಲ್ಲ ಅದರಲ್ಲೇ ನಡೆಯುತ್ತಿತ್ತು. ನನಗೆ ಒಗ್ಗದಿರಲು ಎರಡು ಕಾರಣ. ನುಡಿ ವಿಂಡೋಸಿನ ತಂತ್ರಾಂಶ, ಇದರಲ್ಲಿ ಕೂರುವುದಿಲ್ಲ. ಡಿಲೀಟ್, ಹೋಮ್, ಎಂಡ್ ಕೀಗಳೂ ಇಲ್ಲ; ಬೇರೆ ಕೀಗಳನ್ನು ಜೋಡಿಸಿ ಒತ್ತಿ ಆ ಕೆಲಸ ಮಾಡಬೇಕು. ಸಾಲಿನ ತುದಿಗೂ ಮೊದಲಿಗೂ ಗಳಿಗೆಗೊಮ್ಮೆ ಓಡುವವರಿಗೆ ಅದು ಹಿಡಿಸುವುದು ಕಷ್ಟ. ಬ್ರೌಸರಿನಲ್ಲೇ ಬದುಕು ಮುಗಿಯುವವರಿಗೆ ಕ್ರೋಮ್‌ಬುಕ್ ಒಳ್ಳೆಯ ಆಯ್ಕೆ ಎಂದು ಧಾರಾಳವಾಗಿ ಹೇಳುತ್ತೇನೆ. ಆದರೆ ಕೊಳ್ಳುವ ಮುನ್ನ ಆ ಮಾದರಿಗೆ ಅಪ್‌ಡೇಟ್ ಯಾವ ವರ್ಷದವರೆಗೆ ಎಂದು ನೋಡಲೇಬೇಕು. 2021ರಿಂದೀಚೆಯ ಮಾದರಿಗಳಿಗೆ ಹತ್ತು ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್ 2023ರಲ್ಲಿ ಘೋಷಿಸಿತು. ಆ ಹತ್ತು ವರ್ಷದ ಲೆಕ್ಕ ಶುರುವಾಗುವುದು ಆ ಮಾದರಿಯ ಒಳಗಿನ ಮೂಲ ಹಾರ್ಡ್‌ವೇರ್ ಮೊದಲು ಹೊರಬಂದ ಕಾಲದಿಂದ, ನೀವು ದುಡ್ಡು ಕೊಟ್ಟ ದಿನದಿಂದಲ್ಲ. ರಿಯಾಯಿತಿಯಲ್ಲಿ ಸಿಗುವುದು ಹಳೆಯ ದಾಸ್ತಾನಾಗಿದ್ದರೆ ಆಯುಷ್ಯ ಆಗಲೇ ಒಂದಷ್ಟು ಕಳೆದಿರುತ್ತದೆ.

ಹೊಸ ವಿಂಡೋಸ್ ಲ್ಯಾಪ್‌ಟಾಪಿನ ಇನ್ನೊಂದು ತೊಡಕು ಜಾಗದ್ದು. 64 ಜಿಬಿ ಇಎಂಎಂಸಿ ಎಂದಿದ್ದರೆ ಅದು ಮದರ್‌ಬೋರ್ಡಿಗೇ ಬೆಸೆದ ಸಂಗ್ರಹ, ಮುಂದೆ ಬದಲಿಸಿ ಹೆಚ್ಚಿಸಲು ಬರುವುದಿಲ್ಲ. 4 ಜಿಬಿ ರ‍್ಯಾಮ್ ಕೂಡ ಹಾಗೆಯೇ ಬೆಸೆದದ್ದು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠವೇ 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಅಂದರೆ ಕೊಂಡ ದಿನವೇ ನಾವು ಅಂಚಿನಲ್ಲಿದ್ದೇವೆ. ವಿಂಡೋಸ್ ತಾನೇ ಅರ್ಧದ ಹತ್ತಿರಕ್ಕೆ ನುಂಗಿ ಕೂತಿರುತ್ತದೆ. ದೊಡ್ಡ ಅಪ್‌ಡೇಟ್ ಬಂದಾಗ ಜಾಗ ಸಾಲದು ಎನ್ನುತ್ತದೆ, ಪೆನ್‌ಡ್ರೈವ್ ಚುಚ್ಚಿ ಎನ್ನುತ್ತದೆ. ನಮ್ಮಲ್ಲಿ ಇಂಟರ್ನೆಟ್ಟು ಮೊಬೈಲ್ ಹಾಟ್‌ಸ್ಪಾಟಿನದು, ದಿನಕ್ಕೆ ಒಂದೂವರೆ ಜಿಬಿ. ಅಪ್‌ಡೇಟ್ ಅರ್ಧ ಇಳಿಯುವಷ್ಟರಲ್ಲಿ ಆ ದಿನದ ಡೇಟಾ ಖಾಲಿ. ಹುಡುಗನ ಲ್ಯಾಪ್‌ಟಾಪಿನಲ್ಲಿ ವೈಫೈ ಸೆಟ್ಟಿಂಗಿಗೆ ಹೋಗಿ ಸಂಪರ್ಕವನ್ನು ‘ಮೀಟರ್ಡ್’ (ಡೇಟಾಕ್ಕೆ ಮಿತಿ ಇರುವುದು) ಎಂದು ಗುರುತು ಮಾಡಿಕೊಟ್ಟ ಮೇಲೆ ಈ ಹಾವಳಿ ತಗ್ಗಿತು. ಅಂಥದ್ದು ಮನೆಯಲ್ಲಿದ್ದರೆ ಮೊದಲು ಈ ಕೆಲಸ ಮಾಡಿ.

ಎಕ್ಸ್270ರಲ್ಲಿ ರ‍್ಯಾಮಿಗೆ ಒಂದು ಸ್ಲಾಟ್ ಇದೆ, 16 ಜಿಬಿವರೆಗೆ ಹಾಕಬಹುದು. ಎಸ್‌ಎಸ್‌ಡಿ ಬದಲಿಸಬಹುದು. ಬ್ಯಾಟರಿ ಎರಡು, ಒಂದು ಒಳಗೆ, ಇನ್ನೊಂದು ಹಿಂಬದಿಯಲ್ಲಿ. ಕೆಲಸ ನಡೆಯುತ್ತಿರುವಾಗಲೇ ಹಿಂದಿನದನ್ನು ಕಳಚಿ ಬೇರೆ ಹಾಕಬಹುದು, ಒಳಗಿನದು ಅಷ್ಟು ಹೊತ್ತು ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬಂದೀತೆಂದು ಹೇಳಲಾಗದ ನಮ್ಮಂಥ ಊರಿಗೆ ಇದು ದೊಡ್ಡ ಅನುಕೂಲ. ಟೈಪ್-ಸಿ ಚಾರ್ಜರಿನಿಂದಲೂ ಚಾರ್ಜ್ ಆಗುತ್ತದೆ, ಒಂದು ಚಾರ್ಜರ್ ಮರೆತು ಹೋದರೆ ಪರದಾಡಬೇಕಿಲ್ಲ.

ಪರದೆಯ ವಿಷಯದಲ್ಲಿ ಮಾತ್ರ ಹಟ ಹಿಡಿಯಿರಿ. ಎಕ್ಸ್270 ಎರಡು ಬಗೆಯ ಪರದೆಯಲ್ಲಿ ಬಂದಿದೆ: 1366×768 ಮತ್ತು ಫುಲ್ ಎಚ್‌ಡಿ. ಮೊದಲನೆಯದು ಎರಡು ಸಾವಿರ ಅಗ್ಗ ಎಂದು ಅಂಗಡಿಯವರು ಮುಂದೆ ಇಡುತ್ತಾರೆ. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ಚಿಕ್ಕ ಗಾತ್ರದ ಅಕ್ಷರದಲ್ಲಿ ಆ ಸೀಳು, ಅದರ ಕೆಳಗೆ ಒತ್ತೊಂದು ಬಂದರೆ ಎರಡೂ ಸೇರಿ ಕಲಸಿಕೊಂಡು ಕಾಣುತ್ತವೆ. ಕನ್ನಡ ಓದುವ ಕಣ್ಣಿಗೆ ಫುಲ್ ಎಚ್‌ಡಿ ಬೇಕೇ ಬೇಕು.

ಕ್ಯಾಮೆರಾ ಸಾಧಾರಣ. ಸ್ಪೀಕರ್ ಸಣ್ಣ ದನಿಯದು. ತೂಕ ಒಂದೂವರೆ ಕಿಲೋದ ಆಸುಪಾಸು, ದೊಡ್ಡ ಬ್ಯಾಟರಿ ಹಾಕಿದರೆ ಬೆನ್ನು ಉಬ್ಬಿಕೊಂಡು ನಿಲ್ಲುತ್ತದೆ.

ಇಷ್ಟು ಒಳ್ಳೆಯ ಯಂತ್ರ ಹದಿನೈದು ಸಾವಿರದ ಆಸುಪಾಸಿಗೆ ಸಿಗಲು ಕಾರಣವಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನಲ್ಲಿ ಅಧಿಕೃತವಾಗಿ ಬೇಡುವುದು ಎಂಟನೇ ತಲೆಮಾರು ಮತ್ತು ಆಮೇಲಿನ ಪ್ರೊಸೆಸರನ್ನು. ಎಕ್ಸ್270ರಲ್ಲಿರುವುದು ಆರನೆಯದು ಅಥವಾ ಏಳನೆಯದು. ಕಚೇರಿಗಳಿಗೆ ಬೇಡವಾಯಿತು, ನಮ್ಮ ಕೈಗೆ ಎಟುಕಿತು. ನಾನು ಇದರಲ್ಲಿ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 22 ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡಿದ್ದೇನೆ. ಅದಕ್ಕೆ 2029ರವರೆಗೆ ಬೆಂಬಲವಿದೆ. ಬೇರೆಬೇರೆ ಭಾಷೆ ಬರೆಯಲು ಲಿನಕ್ಸಿನಲ್ಲಿರುವ ಐಬಸ್ ತಂತ್ರಾಂಶದ ಜೊತೆಗೆ ಎಂ17ಎನ್ ಎಂಬ ಪ್ಯಾಕೇಜ್ ಸೇರಿಸಿದರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಸಿಗುತ್ತದೆ, ನುಡಿ ಬಲ್ಲವರ ಕೈ ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ. ಬರುವುದೆಲ್ಲ ಯೂನಿಕೋಡ್. ಪ್ರಕಾಶಕರು ಹಳೆಯ ನುಡಿ ಫಾಂಟಿನ ಆಸ್ಕಿ ಫೈಲು (ಆ ಫಾಂಟ್ ಇಲ್ಲದಿದ್ದರೆ ಕನ್ನಡವಾಗಿ ಕಾಣದ್ದು) ಕಳಿಸಿದರೆ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳುತ್ತೇನೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಕಡೆಗಳನ್ನು ಒಮ್ಮೆ ಕಣ್ಣಾಡಿಸಿ ನೋಡುವುದು ಒಳ್ಳೆಯದು.

ಪೇಜ್‌ಮೇಕರಿನಲ್ಲಿ ಪುಟ ಕಟ್ಟುವವರಿಗೆ, ವಿಂಡೋಸ್ ಬಿಟ್ಟು ಇರಲಾರದವರಿಗೆ ಎಕ್ಸ್270 ಹೇಳುವುದಿಲ್ಲ. ಅವರು ಎಂಟನೇ ತಲೆಮಾರಿನ ಥಿಂಕ್‌ಪ್ಯಾಡ್ ಎಕ್ಸ್280 ಅಥವಾ ಡೆಲ್ ಲ್ಯಾಟಿಟ್ಯೂಡ್ 7290 ನೋಡಲಿ. ಎಕ್ಸ್280ರಲ್ಲಿ ರ‍್ಯಾಮ್ ಬೆಸೆದದ್ದು, ಆದ್ದರಿಂದ 8 ಜಿಬಿಗಿಂತ ಕಡಿಮೆಯದನ್ನು ಮುಟ್ಟಬಾರದು. ಲ್ಯಾಟಿಟ್ಯೂಡಿನಲ್ಲಿ ಬದಲಿಸಬಹುದು.

ಕೊಳ್ಳುವಾಗ ಅಂಗಡಿಗೆ ಲಿನಕ್ಸ್ ಮಿಂಟ್ ತುಂಬಿದ ಪೆನ್‌ಡ್ರೈವ್ ಒಯ್ಯಿರಿ. ಆನ್ ಮಾಡಿ ಎಫ್12 ಒತ್ತಿದರೆ ಅದರಿಂದಲೇ ಶುರು ಮಾಡಬಹುದು, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಮೊದಲು ಬ್ಯಾಟರಿಯ ಮಾಹಿತಿ ತೆರೆಯಿರಿ. ಮೂಲ ಸಾಮರ್ಥ್ಯ ಎಷ್ಟು, ಈಗ ಪೂರ್ತಿ ತುಂಬಿದರೆ ಎಷ್ಟು ಎಂಬ ಎರಡು ಅಂಕಿಗಳು ಅಲ್ಲಿ ಕಾಣುತ್ತವೆ. “ಬ್ಯಾಟರಿ ಫ್ರೆಶ್ ಇದೆ ಮೇಡಂ” ಎಂಬ ಮಾತಿಗಿಂತ ಆ ಅಂಕಿಗಳನ್ನು ನಂಬಿ, ಎರಡೂ ಬ್ಯಾಟರಿಗಳದ್ದನ್ನು ಬೇರೆಬೇರೆಯಾಗಿ ನೋಡಿ. ಆಮೇಲೆ ಮತ್ತೆ ಶುರು ಮಾಡಿ ಎಫ್1 ಒತ್ತಿ. ಬಯೋಸ್ ಪಾಸ್‌ವರ್ಡ್ ಕೇಳಿದರೆ, ಅದು ಅಂಗಡಿಯವರಿಗೂ ಗೊತ್ತಿಲ್ಲದಿದ್ದರೆ, ಆ ಲ್ಯಾಪ್‌ಟಾಪನ್ನು ಅಲ್ಲೇ ಬಿಡಿ. ಮರೆತ ಸೂಪರ್‌ವೈಸರ್ ಪಾಸ್‌ವರ್ಡನ್ನು ತೆಗೆಯುವುದು ಸುಲಭದ ಮಾತಲ್ಲ. ಕೊನೆಗೆ ಖಾಲಿ ಫೈಲೊಂದನ್ನು ತೆರೆದು ನಿಮ್ಮದೇ ವೇಗದಲ್ಲಿ ಕನ್ನಡದ ಒಂದು ಪುಟ ಬರೆಯಿರಿ. ಯಾವ ಕೀ ಸತ್ತಿದೆ, ಯಾವುದು ಎರಡು ಸಲ ಬೀಳುತ್ತದೆ ಎಂಬುದು ಆ ಒಂದು ಪುಟದಲ್ಲಿ ಗೊತ್ತಾಗುತ್ತದೆ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ನನ್ನದರಲ್ಲಿ ಒಳಗಿನ ಬ್ಯಾಟರಿ ಚೆನ್ನಾಗಿತ್ತು, ಹಿಂದಿನದು ಅರ್ಧಕ್ಕಿಳಿದಿತ್ತು. ಅದನ್ನು ತೋರಿಸಿಯೇ ಬೆಲೆ ಇಳಿಸಿದೆ. ಉಳಿದ ದುಡ್ಡಿನಲ್ಲಿ 72 ವ್ಯಾಟ್-ಅವರ್‌ನ ದೊಡ್ಡ ಬ್ಯಾಟರಿ ತರಿಸಿದ ಮೇಲೂ ಲೆಕ್ಕ ಇಪ್ಪತ್ತು ಸಾವಿರ ದಾಟಲಿಲ್ಲ.